ಹಾಜರಿರಲಿಲ್ಲ ಎಂಬ ಸ್ಪಷ್ಟನೆ

1983ರ ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಲಕ್ಷ್ಮೇಶ್ವರದಲ್ಲಿ ನಾವು ಬಾಡಿಗೆಗಿರುವ ಮನೆಯ ಸೊಸೆ ಮಹಾದೇವಿಯನ್ನು ಮುಂಡರಗಿಯ ತವರಿಗೆ ಕಳಿಸಿದರು. ಅವಳ ಮೂರು ವರ್ಷದ ಮಗಳನ್ನು ಇಲ್ಲೇ ಉಳಿಸಿಕೊಂಡರು. ಹಿಂದಿನ ದಿನದ ವಾರಪತ್ರಿಕೆಯಲ್ಲಿ ಅವಳ ಬಗ್ಗೆ ಒಂದು ವಾಕ್ಯವಿತ್ತು. ಬರೆದವಳು ನಾನು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಅತ್ತೆ ಶಾಂತವ್ವ ಹಿತ್ತಲಿನ ನಳಕ್ಕೆ ಬೀಗ ಹಾಕಿದರು. ನಲ್ಲಿಗೆ ಇಲ್ಲಿ ನಳ ಎನ್ನುತ್ತಾರೆ, ನನ್ನಂಥ ಓದಿದ ಹೆಂಗಸರಿಗೆ ಬಾಯಾರು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ನೀರು ಬೇಕಂದ್ರ ನಿಮ್ಮ ಪೇಪರಿನವ್ರನ್ನ ಕೇಳ್ರಿ ಬಾಯಾರ,” ಎಂದರು. ಮಂಗಳೂರಿನಲ್ಲಿ ನಮ್ಮ ಅಂಗಳದ ಬಾವಿಗೆ ಕಟ್ಟೆ ಇತ್ತು, ಬೀಗ ಇರಲಿಲ್ಲ.

ನಾವು ಬಂದು ಆಗ ಒಂದು ವರ್ಷ. ನನ್ನ ಗಂಡನಿಗೆ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿತ್ತು. ನಾನು ಮಂಗಳೂರಿನ ಪತ್ರಿಕಾಲಯದಲ್ಲಿ ಏಳು ವರ್ಷ ಉಪಸಂಪಾದಕಿಯಾಗಿದ್ದ ಕೆಲಸ ಬಿಟ್ಟು ಬಂದೆ. ಮನೆ ಸಿಗಲು ಆರು ವಾರ ಹಿಡಿಯಿತು. ನಮ್ಮಲ್ಲಿ ಮನೆ ಕೊಡುವವರು ಮುಂಗಡ ಎಷ್ಟು ಎಂದು ಹೇಳುತ್ತಾರೆ. ಇಲ್ಲಿ ಮೊದಲು ಕೇಳಿದ್ದು, “ಮೀನ ತಿಂತೀರೇನು?” ಎರಡನೆಯದು, “ಮಕ್ಕಳು ಯಾಕ ಆಗಿಲ್ಲ?” ಮೀನು ತಿನ್ನುವುದಿಲ್ಲ ಎಂದು ಒಪ್ಪಿಕೊಂಡ ಮೇಲೆ ಶಾಂತವ್ವ ಮುಂಭಾಗದ ಎರಡು ಕೋಣೆ ಕೊಟ್ಟರು. ಕುಚ್ಚಲಕ್ಕಿ ಇಲ್ಲಿ ಯಾವ ಅಂಗಡಿಯಲ್ಲೂ ಇಲ್ಲ. ಜೋಳದ ರೊಟ್ಟಿ ತಟ್ಟಲು ನಾನು ಮಾಡಿದ ಪ್ರಯತ್ನವನ್ನು ಓಣಿಯ ಹೆಂಗಸರು ಸಾಲಾಗಿ ನಿಂತು ನೋಡಿ ಹೋದರು. ಕಲಿಸಿದವಳು ಮಹಾದೇವಿ ಒಬ್ಬಳೇ. “ಹಿಟ್ಟಿಗೆ ಹೆದರಿಕಿ ಗೊತ್ತಾಗ್ತೈತ್ರಿ ಅಕ್ಕಾರ, ಜೋರ ಬಡೀರಿ,” ಎನ್ನುತ್ತಿದ್ದಳು.

ಪೇಟೆಯಲ್ಲಿ ಛಾಪಖಾನೆ ಇಟ್ಟುಕೊಂಡ ಖಾದರ್‌ಸಾಬರು ಶುಕ್ರವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು. ನಾನು ಹೋಗಿ ಕೆಲಸ ಕೇಳಿದೆ. ಸಂಬಳ ಇಲ್ಲ, ಸುದ್ದಿ ಬರೆದರೆ ಹಾಕುತ್ತೇನೆ ಎಂದರು. ಅದಕ್ಕೂ ಒಪ್ಪಿದೆ. ಅಕ್ಟೋಬರ್ ಕೊನೆಗೆ ಇಲ್ಲಿಯ ಮಹಿಳಾ ಮಂಡಳದವರು ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಮಂಚಗಳನ್ನು ಕೊಡಿಸಲು ಗದಗಿನಲ್ಲಿ ಸಹಾಯಾರ್ಥ ಔತಣ ಇಟ್ಟುಕೊಂಡರು. ಊಟಕ್ಕೆ ಮೊದಲು ನೃತ್ಯ ಕಲಿಕೆ. ಕಲಿಸುವವರು ಫೆಲಿಕ್ಸ್ ಎಂಬ ಗೋವೆಯ ಮನುಷ್ಯ. ಹಡಗುಗಳ ವಾದ್ಯವೃಂದದಲ್ಲಿ ಕಹಳೆ ಊದುತ್ತಿದ್ದವರು, ಈಗ ಗದಗಿನ ರೈಲ್ವೆ ಕಾಲನಿಯಲ್ಲಿ ತಂಗಿಯ ಮನೆಯಲ್ಲಿದ್ದರು. ನೃತ್ಯದ ಹೆಸರು ಸಾಲ್ಸಾ. ಕ್ಯೂಬಾದ ಕಡೆಯದು, ಅಮೆರಿಕದ ಬಂದರುಗಳಲ್ಲಿ ಅವರು ಕಲಿತದ್ದು. ಗಂಡು ಹೆಣ್ಣು ಕೈ ಹಿಡಿದು ಎಂಟರ ಎಣಿಕೆಗೆ ಹೆಜ್ಜೆ ಹಾಕಬೇಕು. ನಾಲ್ಕಕ್ಕೆ ಮತ್ತು ಎಂಟಕ್ಕೆ ನಿಲ್ಲಬೇಕು. ಮಂಡಳದ ಅಧ್ಯಕ್ಷೆ ಸರೋಜಕ್ಕ ಮೊದಲೇ ತೀರ್ಮಾನ ಮಾಡಿದ್ದರು: ಹೆಂಗಸರಿಗೆ ಹೆಂಗಸರೇ ಜೋಡಿ.

ಭಾನುವಾರ ಮಧ್ಯಾಹ್ನದ ಬಸ್ಸಿನಲ್ಲಿ ಹನ್ನೊಂದು ಹೆಂಗಸರು ಹೊರಟೆವು. ಶಿರಹಟ್ಟಿ ದಾಟಿದ ಮೇಲೆ ಮಹಾದೇವಿ ಮುಂದಿನ ಸೀಟಿನಿಂದ ತಿರುಗಿ, “ಗದಗಿನ್ಯಾಗ ಕಣ್ಣ ತೋರಿಸ್ಕೊಂಡ ಬರ್ತೀನಿ ಅಂತ ಅತ್ತಿಯವ್ರಿಗೆ ಹೇಳಿ ಬಂದೀನ್ರೆವಾ,” ಎಂದಳು.

“ಹಂಗಾರ ಬರೋ ಮುಂದ ಒಂದ ಕಣ್ಣ ಮುಚ್ಕೊಂಡ ಬಾ,” ಎಂದರು ಸರೋಜಕ್ಕ. ಬಸ್ಸಿನ ಅರ್ಧ ಭಾಗ ನಕ್ಕಿತು. ನಾನೂ ಕೇಳಿಸಿಕೊಂಡೆ. ಟಿಪ್ಪಣಿಯಲ್ಲಿ ಬರೆದುಕೊಳ್ಳಲಿಲ್ಲ, ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ.

ಸಭಾಂಗಣದಲ್ಲಿ ಗದಗ, ಬೆಟಗೇರಿಯ ವ್ಯಾಪಾರಿಗಳು ಸಕುಟುಂಬವಾಗಿ ಗೋಡೆಗುಂಟ ಕುರ್ಚಿಗಳಲ್ಲಿ ಕುಳಿತಿದ್ದರು. ಫೆಲಿಕ್ಸ್ ಟೇಪ್ ರೆಕಾರ್ಡರ್ ಹಚ್ಚಿ ಹಿಂದಿಯಲ್ಲಿ ಎಣಿಸಿದರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕಿದರು. ಒಬ್ಬರ ಕಾಲು ಒಬ್ಬರು ತುಳಿದರು. “ನಾಕಕ್ಕ ನಿಲ್ರಿ ಅಂತಾನ, ಎಂಟಕ್ಕ ನಿಲ್ರಿ ಅಂತಾನ,” ಎಂದರು ಸರೋಜಕ್ಕ ಏದುಸಿರು ಬಿಡುತ್ತ. “ನಮ್ಮ ಮನಿಯಾಗ ಯಾವಾಗ ನಿಂತೀವಿ ನಾವು?”

ಮಹಾದೇವಿ ಮಾತ್ರ ತಪ್ಪಲಿಲ್ಲ. ಮೊಹರಂನಲ್ಲಿ ಹಿಂದೂ ಮುಸ್ಲಿಂ ಗಂಡಸರು ಸಾಲುಗಟ್ಟಿ ಹೆಜ್ಜೆ ಹಾಕುತ್ತ ಹಾಡುವ ಕುಣಿತ ಈ ಕಡೆ ಇದೆ. ಹೆಂಗಸರು ಮಾಳಿಗೆಯಿಂದ ನೋಡುತ್ತಾರೆ. “ಹತ್ತ ವರ್ಷ ಮ್ಯಾಲಿಂದ ನೋಡೀನ್ರಿ, ಕಾಲಿಗೆ ಗೊತ್ತೈತಿ,” ಎಂದಳು. ಕೊನೆಯಲ್ಲಿ ಫೆಲಿಕ್ಸ್ ಕೈ ಚಾಚಿ ಅವಳನ್ನು ನಡುವೆ ಕರೆದರು. ಅವಳು ಹೋದಳು. ಎರಡು ನಿಮಿಷ. ಜನ ಚಪ್ಪಾಳೆ ತಟ್ಟಿದರು.

ನನ್ನ ವಾಕ್ಯ ಇದು: “ಕೊನೆಯಲ್ಲಿ ಲಕ್ಷ್ಮೇಶ್ವರದ ಶ್ರೀಮತಿ ಮಹಾದೇವಿಯವರು ಶಿಕ್ಷಕರೊಂದಿಗೆ ಹೆಜ್ಜೆ ಹಾಕಿ ಎಲ್ಲರ ಮೆಚ್ಚುಗೆ ಪಡೆದರು.” ನಮ್ಮ ಮಂಗಳೂರಿನ ಕಚೇರಿಗೆ ಹೆಸರು ಬಿಟ್ಟುಹೋಯಿತೆಂದು ಜಗಳಕ್ಕೆ ಬರುತ್ತಿದ್ದರು. ಹೆಸರು ಬಂತೆಂದು ಬಂದವರನ್ನು ನಾನು ಏಳು ವರ್ಷದಲ್ಲಿ ಕಂಡಿರಲಿಲ್ಲ.

ನಳಕ್ಕೆ ಬೀಗ ಬಿದ್ದ ಮರುದಿನದಿಂದ ಕಸ ಹೊಡೆಯುವವಳು ಬರಲಿಲ್ಲ. ಹಾಲಿನವನು ನಮ್ಮ ಬಾಗಿಲು ದಾಟಿ ಹೋದ. ಕಾಯಿಪಲ್ಲೆಯವಳು ಬದನೆಕಾಯಿ ತೂಗುತ್ತ, “ಎಷ್ಟ ತೊಗೊಂಡ್ರಿ ಅಂತ ನಾಳೆ ಪೇಪರಿನ್ಯಾಗ ಬರ್ತೈತೇನ್ರಿ?” ಎಂದು ಕೇಳಿದಳು. ನಾನು ಹೊರಗೆ ಬಂದರೆ ಓಣಿಯ ಕಟ್ಟೆಯ ಮೇಲಿದ್ದ ಹೆಂಗಸರು, “ಬಂದ್ಲು, ಬಾಯಿ ಮುಚ್ರೆವಾ,” ಎನ್ನುತ್ತಿದ್ದರು, ನನಗೆ ಕೇಳಲೆಂದೇ. ಈ ಊರಿನ ಬಗ್ಗೆ ಆಗ ನನಗಿದ್ದ ಭಾವನೆ ಇದಕ್ಕಿಂತ ಸೌಮ್ಯವಾಗಿರಲಿಲ್ಲ. ಒಂದು ಕೊಡ ನೀರಿಗೆ ನಾಲ್ಕು ಓಣಿ ದಾಟಿ ಹೋಗುವಾಗ ಎದುರಾದ ಪ್ರತಿ ಮುಖವನ್ನೂ ದ್ವೇಷಿಸಿದೆ. ಒಳಗಿನಿಂದ ಮಗು ಅವ್ವನನ್ನು ಕರೆದು ಅಳುವುದು ಗೋಡೆಯ ಈಚೆ ನಮಗೆ ಕೇಳುತ್ತಿತ್ತು.

ಐದನೆಯ ದಿನ ಶಾಂತವ್ವ ಬಾಗಿಲಿಗೆ ಬಂದರು. “ನಮ್ಮ ಸೊಸಿ ಅಲ್ಲಿ ಇದ್ದಿದ್ದಿಲ್ಲ ಅಂತ ಛಾಪಸ್ರಿ. ಛಾಪಸಿದ್ರ ಕರಕೊಂಡ ಬರ್ತೀವಿ. ಇಲ್ಲಂದ್ರ ಅಕಿ ಅಲ್ಲೇ, ಕೂಸು ಇಲ್ಲೇ.”

“ಅವಳು ಅಲ್ಲಿ ಇದ್ದಳು.”

“ಇದ್ಲು ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಊರಿಗೆ ಯಾಕ ಹೇಳಿದ್ರಿ?”

ತಪ್ಪಿದ್ದರೆ ತಿದ್ದಬೇಕು, ಸರಿಯಿದ್ದರೆ ಯಾರು ಬಂದರೂ ತಿದ್ದಬಾರದು. ಕೆಲಸದಲ್ಲಿ ನಾನು ಮೊದಲ ತಿಂಗಳು ಕಲಿತದ್ದು ಅದು. ಖಾದರ್‌ಸಾಬರ ಬಳಿ ಹೋಗಿ ಹಾಗೆಯೇ ಹೇಳಿದೆ. ಅವರು ಅಚ್ಚಿನ ಮೊಳೆ ಜೋಡಿಸುತ್ತ ಕುಳಿತಿದ್ದರು, ತಲೆ ಎತ್ತಲಿಲ್ಲ. “ಎರಡ ಸಾಲಿನ ಮಾತು, ಬಾಯಾರ. ನೀವು ಬರದ್ರ ಹಾಕ್ತೀನಿ. ಬರೀಲಿಲ್ಲಂದ್ರ ಇಲ್ಲ. ಆದ್ರ ನನ್ನ ಕೇಳಬ್ಯಾಡ್ರಿ, ಅಕಿನ್ನ ಕೇಳ್ರಿ.”

ಮುಂಡರಗಿಗೆ ಹೋದೆ. ಮಹಾದೇವಿಯ ಅತ್ತಿಗೆ ಬಾಗಿಲಲ್ಲಿ ನನ್ನನ್ನು ನೋಡಿ, “ಪೆನ್ನ ತಂದೀರೋ, ಬಿಟ್ಟ ಬಂದೀರೋ?” ಎಂದು ಕೇಳಿ ಒಳಗೆ ಹೋದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಮಹಾದೇವಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು.

“ಬಸ್ಸಿನ್ಯಾಗ ನಾ ಹೇಳಿದ್ದು ಕೇಳಿದ್ರಿಲ್ರಿ ಅಕ್ಕಾರ?”

“ಕೇಳಿದ್ದೆ.”

“ಆದ್ರೂ ಬರದ್ರಿ.”

“ನಡೆದದ್ದನ್ನು ಬರೆದೆ.”

“ಬಸ್ಸಿನ್ಯಾಗ ಆಗಿದ್ದೂ ನಡದದ್ದ ಅಲ್ಲೇನ್ರಿ?”

ಶಾಂತವ್ವ ಕೇಳಿದ್ದನ್ನು ಹೇಳಿದೆ. ಅದು ಸುಳ್ಳಾಗುತ್ತದೆ ಎಂದೂ ಹೇಳಿದೆ. ಅವಳು ಸಿಪ್ಪೆಯನ್ನು ಮೊರದಿಂದ ಆಚೆ ಸರಿಸಿದಳು. “ಅವತ್ತಿನ ಎರಡ ನಿಮಿಷ ನನ್ನುವು ಇದ್ದುವು. ಊರಿಗೆ ಹಂಚಿದ್ರಿ. ಈಗ ಇರಲಿಲ್ಲ ಅಂತ ಬರದು ಅವನ್ನೂ ತೊಗೋತೀರಿ. ತೊಗೊಳ್ರಿ. ನನಗ ಮಗಳು ಬೇಕು.”

ಮುಂದಿನ ಶುಕ್ರವಾರ ಮೂರನೆಯ ಪುಟದ ಕೆಳಗೆ ಸ್ಪಷ್ಟನೆ ಬಂತು: “ಗದಗಿನ ಕಾರ್ಯಕ್ರಮದಲ್ಲಿ ಶ್ರೀಮತಿ ಮಹಾದೇವಿಯವರು ಹಾಜರಿರಲಿಲ್ಲ. ಹೆಸರು ತಪ್ಪಾಗಿ ಪ್ರಕಟವಾಗಿದೆ. ವಿಷಾದಿಸುತ್ತೇವೆ.” ನನ್ನನ್ನು ಬಿಟ್ಟು, ಸರೋಜಕ್ಕ ಸೇರಿ ಒಂಬತ್ತು ಹೆಂಗಸರು ಅವಳನ್ನು ಅಲ್ಲಿ ಕಂಡಿದ್ದರು. ಯಾರೂ ತಕರಾರು ಕಳಿಸಲಿಲ್ಲ.

ಭಾನುವಾರ ಅವಳ ಗಂಡ ಹೋಗಿ ಕರೆತಂದ. ಸೋಮವಾರ ನಳದ ಬೀಗ ತೆಗೆದರು. ಶಾಂತವ್ವ ಎಣ್ಣೆಗಾಯಿ ಪಲ್ಲೆ, ರೊಟ್ಟಿ ಕಳಿಸಿ, ಓಣಿಯವರಿಗೆ ಕೇಳುವಂತೆ, “ನಮ್ಮ ಬಾಯಾರು ಶ್ಯಾಣ್ಯಾರ ಅದಾರ,” ಎಂದರು. ಜಾಣೆ ಎಂದರ್ಥ. ಒಂದು ವರ್ಷದಲ್ಲಿ ಈ ಊರು ನನ್ನನ್ನು ತನ್ನವಳೆಂದದ್ದು ಅದೇ ಮೊದಲು. ಕಸ ಹೊಡೆಯುವವಳು ಬಂದಳು, ಹಾಲಿನವನು ಬಾಗಿಲಲ್ಲಿ ನಿಂತ. ಕಟ್ಟೆಯವರು ಜಾಗ ಬಿಟ್ಟು, “ಕುಂಡ್ರಿ,” ಎಂದರು. ನಾನು ಕುಳಿತೆ.

ಈ ಲೇಖನದಲ್ಲಿ ಯಾರದೂ ನಿಜ ಹೆಸರಲ್ಲ. ಹೆಸರು ಬದಲಿಸಿ ಮಂಗಳೂರಿನ ಓದುಗರಿಗೆ ಬರೆಯಲೇ ಎಂದು ಮಹಾದೇವಿಯನ್ನು ಈ ಸಲ ಕೇಳಿದೆ. “ಬರೀರಿ. ಅಲ್ಲಿಂದ ಯಾರ ಬಂದ ನೋಡ್ತಾರ?” ಎಂದಳು. ಮರಳಿ ಬಂದ ಮೇಲೆ ಅವಳು ನನ್ನೊಂದಿಗೆ ಆಡಿದ ಮಾತು ಅದೊಂದೇ. ನನ್ನನ್ನು ಅಕ್ಕಾರ ಎನ್ನಲಿಲ್ಲ.

ಇದು 1984ರ ಮಾರ್ಚ್. ಹೆರಿಗೆ ವಾರ್ಡಿಗೆ ಮಂಚಗಳು ಬಂದಿವೆ. ಮಹಾದೇವಿ ಮಗಳೊಂದಿಗೆ ಒಳಮನೆಯಲ್ಲಿದ್ದಾಳೆ. ಮಂಗಳೂರಿನ ನನ್ನ ಹಳೆಯ ಸಂಪಾದಕರಿಗೆ ಕೆಲಸ ಕೇಳಿ ಬರೆದಿದ್ದೆ. ಇತ್ತೀಚೆಗೆ ಪ್ರಕಟವಾದ ಬರಹಗಳನ್ನು ಕತ್ತರಿಸಿ ಕಳಿಸಿ ಎಂದು ಉತ್ತರ ಬಂತು. ಗದಗಿನ ವರದಿಯನ್ನು ಕಳಿಸಿದೆ. ಸ್ಪಷ್ಟನೆಯನ್ನೂ ಅದೇ ಲಕೋಟೆಯಲ್ಲಿಟ್ಟೆ, ಅದು ಸುಳ್ಳು ಎಂದು ಅಂಚಿನಲ್ಲಿ ಬರೆದು. ಮೂರು ವಾರವಾಗಿದೆ. ಉತ್ತರ ಬಂದಿಲ್ಲ.