ಮಗ ತಟ್ಟಿದ, ನಾನು ಕೇಳಿದೆ

ಟೈಲ್ಸ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ತಿಳಿಯುವುದು ಸದ್ದಿನಿಂದ. ಕೆಳಗೆ ಸಿಮೆಂಟ್ ಕಲಸು ತುಂಬಿಕೊಂಡಿದ್ದರೆ ರಬ್ಬರ್ ಸುತ್ತಿಗೆ ಬಿದ್ದಾಗ ಗಟ್ಟಿ ಸದ್ದು ಬರುತ್ತದೆ. ಎಲ್ಲಾದರೂ ಗಾಳಿ ಉಳಿದುಕೊಂಡಿದ್ದರೆ ಪೊಳ್ಳು ಸದ್ದು. ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊಳ್ಳಾಗಿರುವ ಟೈಲ್ಸ್ ಮೇಲೆ ಬೀರುವಿನ ಕಾಲು ಊರಿದರೆ ಸಾಕು, ಬಿರುಕು ಬಿಡುತ್ತದೆ. ಆಗ ಬೈಗುಳ ಬೀಳುವುದು ಟೈಲ್ಸ್ ಹಾಕಿದವನಿಗೆ.

ನನ್ನ ಮಗ ಟೈಲ್ಸ್ ಹಾಕುವವನು. ಅವನಿಗೆ ಆ ಸದ್ದು ಕೇಳದ ಹಾಗಾಗಿತ್ತು.

ಮೀಸೆ ಮೂಡುವ ಮುಂಚೆಯೇ ಕಟಿಂಗ್ ಮಿಷನ್ ಹಿಡಿದವನು ಅವನು. ಟೈಲ್ಸ್ ಕೊಯ್ಯುವಾಗ ಆ ಮಿಷನ್ ಕಿರುಚುವುದನ್ನು ಪಕ್ಕದ ಬೀದಿಯವರೂ ತಡೆಯಲಾರರು, ಇವನು ಅದನ್ನು ಮುಖದ ಹತ್ತಿರ ಇಟ್ಟುಕೊಂಡೇ ದೊಡ್ಡವನಾದ. ಮೊದಲು ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಲಿಲ್ಲ. ಬೇಕೆಂದೇ ಕೇಳದವನ ಹಾಗೆ ಇರುತ್ತಾನೆ ಎಂದು ಅವನ ಹೆಂಡತಿ ಜಗಳ ತೆಗೆದಳು. ಆಮೇಲೆ ಫೋನಿನಲ್ಲಿ ಮಾತಾಡುವುದು ನಿಂತಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಣ್ಣ ಸದ್ದು ಕೇಳುವ ನರ ಸತ್ತಿದೆ, ಅದು ಮತ್ತೆ ಹುಟ್ಟುವುದಿಲ್ಲ ಎಂದರು. ಕಿವಿಗೆ ಇಟ್ಟುಕೊಳ್ಳುವ ಮಿಷನ್ ತಂದೆವು. ಸಿಮೆಂಟ್ ಧೂಳು ಹೊಕ್ಕು ಅದು ಬೇಗ ಕೆಟ್ಟಿತು.

ಕೂಗಿ ಹೇಳಿದರೆ ಅವನಿಗೆ ಕೇಳುತ್ತದೆ. ಎದುರಿಗೆ ನಿಂತರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಕೆಲಸದ ಜಾಗದಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ದಿನ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳುತ್ತಾರೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇರೆ ಕೆಲಸ ಅವನಿಗೆ ಬರುವುದಿಲ್ಲ. ನಮ್ಮೂರು ಕುದೇರಿನ ಕಡೆ ನಮ್ಮದು ಅಂತ ಹೊಲವೂ ಇಲ್ಲ.

ನಾನು ಮೊದಲಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಅವನು ಕೆಲಸ ಮಾಡುತ್ತಿದ್ದ ಮೇಸ್ತ್ರಿಯ ಹತ್ತಿರವೇ ನಾನೂ ಸೇರಿದೆ. ಮೇಸ್ತ್ರಿ ಚಾಮರಾಜನಗರದವನು, ಹಳೆ ಮನೆಗಳ ರಿಪೇರಿ ಹಿಡಿದು ಮಾಡಿಸುತ್ತಾನೆ. ಈ ವಯಸ್ಸಿನಲ್ಲಿ ಯಾಕವ್ವ ಎಂದು ಕೇಳಿದ. ಮನೆಯಲ್ಲಿ ಸೊಸೆಯ ಕಾಟ ಎಂದೆ. ಸೊಸೆ ಒಳ್ಳೆಯವಳು, ಈ ಸುಳ್ಳು ಅವಳಿಗೆ ಗೊತ್ತು, ಆಡಿಕೊಂಡು ನಕ್ಕಳು.

ಕೆಲಸ ಹೀಗೆ ನಡೆಯುತ್ತಿತ್ತು. ನಾನು ಕಲಸು ಹೊತ್ತು ತಂದು ಸುರಿದು, ಅವನಿಗೆ ನನ್ನ ಮುಖ ಕಾಣುವ ಹಾಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಅವನು ಟೈಲ್ಸ್ ಇಟ್ಟು ಮೂಲೆ ಮೂಲೆ ತಟ್ಟಿ, ನಡುವೆ ತಟ್ಟಿ, ಮುಖ ಎತ್ತುತ್ತಿದ್ದ. ಸದ್ದು ಗಟ್ಟಿ ಇದ್ದರೆ ತಲೆಯಾಡಿಸುತ್ತಿದ್ದೆ. ಪೊಳ್ಳಿದ್ದರೆ ಸುಮ್ಮನೆ ಕೂರುತ್ತಿದ್ದೆ. ಅವನು ಟೈಲ್ಸ್ ಎತ್ತಿ, ಕಲಸು ಅಂಟದೆ ಇರುವ ಕಡೆ ಕರಣೆಯಲ್ಲಿ ಇನ್ನಷ್ಟು ಹಾಕಿ, ಸಿಮೆಂಟ್ ಹಾಲು ಚೆಲ್ಲಿ ಮತ್ತೆ ಕೂರಿಸುತ್ತಿದ್ದ. ನೋಡಿದವರಿಗೆ ಮುದುಕಿ ಮಗನ ಮುಖ ನೋಡುತ್ತಾ ಕಾಲ ಕಳೆಯುತ್ತಾಳೆ ಅನ್ನಿಸುತ್ತಿತ್ತು. ಅನ್ನಿಸಲಿ ಎಂದು ಬಿಟ್ಟಿದ್ದೆವು.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಹತ್ತಿರದ ಒಂದು ಹಳೆ ಮನೆ ಸಿಕ್ಕಿತು. ಕೆಂಪು ಗಾರೆ ನೆಲ. ಅದನ್ನು ಮುಚ್ಚಿ ಟೈಲ್ಸ್ ಹಾಕಬೇಕು, ಮನೆಯವರು ಒಳಗೇ ಇರುತ್ತಾರೆ. ಜನ ಇರುವ ಮನೆಯ ಕೆಲಸ ಎಂದರೆ ತಲೆನೋವು. ಒಂದು ಕೋಣೆಯ ಮಂಚ ಬೀರು ಎಲ್ಲ ಇನ್ನೊಂದಕ್ಕೆ ತುಂಬಬೇಕು, ಮುಗಿಸಿ ವಾಪಸ್ ತುಂಬಬೇಕು. ಹಳೆ ನೆಲ ಕನ್ನಡಿಯ ಹಾಗೆ ನುಣುಪು, ಅದರ ಮೇಲೆ ಕಲಸು ಹಿಡಿಯುವುದಿಲ್ಲ. ಉಳಿಯಲ್ಲಿ ಕಚ್ಚು ಹೊಡೆದು, ಗುಡಿಸಿ, ತೊಳೆದು, ಆಮೇಲೆ ಕಲಸು. ಕೆಂಪು ಧೂಳು ಅವರ ಅನ್ನದ ತಪ್ಪಲೆಗೂ ಬಿತ್ತು, ನಮ್ಮದಕ್ಕೂ ಬಿತ್ತು. ನೆಲ ಏರಿದ್ದಕ್ಕೆ ಬಾಗಿಲು ತೆರೆಯಲಿಲ್ಲ, ಆಚಾರಿ ಬಂದು ಬಾಗಿಲಿನ ಬುಡ ಕೊಯ್ದ.

ಆ ಮನೆಯ ಅಮ್ಮಾವ್ರು ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಕಾಲು ಹಿಡಿದುಕೊಂಡಿರುವುದರಿಂದ ಅಡುಗೆಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ಜಗಿಯುತ್ತಾ ದಿನವಿಡೀ ಕೆಲಸ ನೋಡುತ್ತಿದ್ದರು. ನೆಲ ಎತ್ತರವಾದರೆ ಹೊಸಿಲು ತಗ್ಗಿ ಹೋಗುತ್ತದೆ ಎನ್ನುವುದೊಂದೇ ಅವರಿಗಿದ್ದ ಸಂಕಟ. ಮಗ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಹೊಸಿಲು ಬೆರಳಷ್ಟು ಮೇಲೆ ನಿಲ್ಲುವ ಹಾಗೆ ದಾರ ಕಟ್ಟಿದ. ಅಂದಿನಿಂದ ಅವನು ಅವರಿಗೆ ಅಚ್ಚುಮೆಚ್ಚು.

ಕೋಣೆಗಳು ಮುಗಿದವು. ಹಾಲ್ ಶುರುವಾಗಬೇಕು, ಆಗ ಮೇಸ್ತ್ರಿ ಬಂದ. ಚಾಮರಾಜನಗರದಲ್ಲಿ ಅವನದೇ ಇನ್ನೊಂದು ಕೆಲಸ ನಡೆಯುತ್ತಿತ್ತು. ಅಲ್ಲಿ ಟೈಲ್ಸಿನ ಸಂದು ತುಂಬುವವರು ಕೈಕೊಟ್ಟಿದ್ದರು, ಮನೆಯವರು ಗೃಹಪ್ರವೇಶ ಇಟ್ಟುಕೊಂಡಿದ್ದರು. ನಾಳೆಯಿಂದ ನೀನು ಅಲ್ಲಿಗೆ ಬಾ ಎಂದ ನನಗೆ. ಮಂಡಿ ನೋವು, ಆಗುವುದಿಲ್ಲ ಎಂದೆ.

"ಕೂತ್ಕಂಡು ಮಾಡ ಕೆಲ್ಸ ಕಣವ್ವ ಅದು. ಇಲ್ಲೂ ಕೂತೇ ಇರ್ತೀಯಲ್ಲ, ಮಗನ ಮುಕ ನೋಡ್ಕಂಡು."

ಕಲಸು ಕಲೆಸುತ್ತಿದ್ದವರು ನಕ್ಕರು. ನಾನು ಬೇರೆ ಯಾರನ್ನಾದರೂ ಕಳಿಸು ಎಂದು ಗೋಗರೆದೆ. ಅಷ್ಟು ಗೋಗರೆಯುವುದಕ್ಕೆ ಕಾರಣ ಏನೆಂದು ಅವನು ನನ್ನ ಮುಖವನ್ನೇ ನೋಡಿದ. ಅಷ್ಟರಲ್ಲಿ ಮಗ ಹೋಗು ಎಂದು ಕೈಸನ್ನೆ ಮಾಡಿದ. ಮಾತು ಬೆಳೆದರೆ ಗುಟ್ಟು ಹೊರಬೀಳುತ್ತದೆ ಎಂಬ ಭಯ ಅವನಿಗೆ. ನಾನು ಹೂಂ ಎಂದೆ.

ಚಾಮರಾಜನಗರದ ಆ ಮನೆಯಲ್ಲಿ ಬಚ್ಚಲಿನಿಂದ ಶುರು ಮಾಡಿದೆ. ಗೃಹಪ್ರವೇಶದ ಅವಸರ, ಮುಗಿಯುವವರೆಗೆ ರಾತ್ರಿಯೂ ಅಲ್ಲೇ ಮಲಗಿದೆ. ವೈಟ್ ಸಿಮೆಂಟ್ ಕಲೆಸಿ, ಹಳೆ ಹವಾಯಿ ಚಪ್ಪಲಿಯ ತುಂಡಿನಲ್ಲಿ ಸಂದಿಗೆ ಒತ್ತಿ ಒತ್ತಿ ತುಂಬುವುದು, ಸ್ವಲ್ಪ ಬಿಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕಲಸು ಬೆರಳ ಸಂದಿಯನ್ನು ತಿಂದುಹಾಕಿತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಗುಂಡ್ಲುಪೇಟೆಯಲ್ಲಿತ್ತು. ಅಲ್ಲಿ ಈಗ ಎಷ್ಟನೇ ಸಾಲು, ಯಾವ ಟೈಲ್ಸ್ ಹೇಗೆ ಕೂತಿತು ಎಂದು ಯಾರು ಹೇಳಬೇಕು. ಫೋನ್ ಮಾಡೋಣ ಎಂದರೆ ಅವನಿಗೆ ಫೋನೇ ಕೇಳಿಸದು. ಬೇರೆಯವರ ಫೋನಿಗೆ ಮಾಡಿ ಏನೆಂದು ಕೇಳಲಿ. ಮೇಸ್ತ್ರಿ ಬಂದಾಗಲೆಲ್ಲ ಹೇಳಿಬಿಡೋಣ ಎಂದು ಬಾಯಿಗೆ ಬರುತ್ತಿತ್ತು. ಹೇಳಿದರೆ ಮಗನ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ದೇವರಿಗೆ ಹರಕೆ ಹೊತ್ತುಕೊಳ್ಳಲಿಲ್ಲ. ಟೈಲ್ಸಿನ ಕೆಳಗಿನ ಗಾಳಿಯನ್ನು ಯಾವ ದೇವರು ಬಂದು ತೆಗೆಯುತ್ತಾನೆ.

ಕೆಲಸ ಮುಗಿದ ತಕ್ಷಣ ಕೈಕಾಲು ಕೂಡ ಸರಿಯಾಗಿ ತೊಳೆಯದೆ ಬಸ್ ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ ನಿಲ್ಲಿಸಿ ಡ್ರೈವರ್ ಟೀ ಕುಡಿಯುವುದಕ್ಕೆ ಇಳಿದ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಪಕ್ಕದಲ್ಲಿದ್ದ ಹೆಂಗಸು ಜಾಗ ಬದಲಾಯಿಸಿದಳು.

ಹೋಗಿ ನೋಡಿದರೆ ಹಾಲ್ ಮುಗಿದಿತ್ತು. ಗೆರೆ ಎಳೆದ ಹಾಗೆ ಸಾಲುಗಳು, ಎಲ್ಲೂ ಏರುಪೇರಿಲ್ಲ. ಮಗ ಬಾಗಿಲಲ್ಲೇ ನಿಂತಿದ್ದ, ಮುಖದಲ್ಲಿ ನಗು. ಅವನು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

"ಎಲ್ಲಾ ಕೂತದೆ ಕಣವ್ವ. ಅಮ್ಮಾವ್ರು ನೋಡ್ಕಂಡ್ರು."

ಏನು ನೋಡಿಕೊಂಡರೋ ನನಗೆ ಅರ್ಥವಾಗಲಿಲ್ಲ. ಒಳಗೆ ಕಾಲಿಟ್ಟು ಹಿಮ್ಮಡಿ ಊರಿದೆ. ಪೊಳ್ಳು. ಇನ್ನೊಂದಕ್ಕೆ ಊರಿದೆ. ಅದೂ ಪೊಳ್ಳು. ಕೂತು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಕೆಲವು ಗಟ್ಟಿ ಇದ್ದವು, ಅವನ ಕೈ ಪಳಗಿದ ಕೈ. ಆದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೊಳ್ಳು ಹರಡಿಕೊಂಡಿತ್ತು.

ಕುರ್ಚಿಯಲ್ಲಿ ಕೂತಿದ್ದ ಅಮ್ಮಾವ್ರನ್ನು ಕೇಳಿದೆ, ನೀವು ಏನು ನೋಡಿಕೊಂಡಿರಿ ಎಂದು.

"ಒಂದೊಂದು ಆಕ್ದಾಗ್ಲೂ ನನ್ ಮುಕ ನೋಡೋನು ಕಣಮ್ಮ ನಿನ್ ಮಗ. ಚೆನ್ನಾಗದಾ ಅಂತ ಕೇಳ್ತಾವ್ನೆ ಅನ್ಕಂಡೆ. ಚೆನ್ನಾಗೇ ಇತ್ತಲ್ಲ, ತಲೆ ಆಡ್ಸ್ದೆ. ಇಂತಾ ಮರ್ವಾದಸ್ತನ್ನ ನಾನ್ ಕಂಡಿಲ್ಲ."

ಬಾಯಲ್ಲಿ ಎಲೆ ಅಡಿಕೆ ಇದ್ದುದರಿಂದ ಬಾಯಿ ತೆರೆಯುವ ಬದಲು ತಲೆಯಾಡಿಸಿದ್ದರು ಅಷ್ಟೇ. ಅವನಿಗೆ ಒಬ್ಬ ಮುದುಕಿ ಪಕ್ಕದಲ್ಲಿ ಕೂತು ತಲೆಯಾಡಿಸುವುದು ರೂಢಿಯಾಗಿಹೋಗಿತ್ತು. ಅವರಿಗೆ ಸದ್ದು ತಿಳಿಯುತ್ತದೆ ಎಂದು ಯಾಕೆ ಅಂದುಕೊಂಡನೋ. ಅಂದುಕೊಳ್ಳಲೇಬೇಕಿತ್ತೇನೋ, ಇಲ್ಲದಿದ್ದರೆ ಮುಂದಿನ ಟೈಲ್ಸ್ ಇಡುವುದು ಹೇಗೆ.

ಅವನು ನಮ್ಮಿಬ್ಬರ ತುಟಿಯನ್ನು ಒಂದಾದ ಮೇಲೊಂದು ನೋಡುತ್ತಿದ್ದ. ನಗು ಹೋಯಿತು. ಸುತ್ತಿಗೆ ತಂದು ಮಂಡಿ ಊರಿ ಒಂದು ಟೈಲ್ಸ್ ತಟ್ಟಿ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಪಕ್ಕದ್ದನ್ನು ತಟ್ಟಿ ನೋಡಿದ. ಸುಮ್ಮನಿದ್ದೆ. ಇನ್ನೊಂದು ಸಾಲಿಗೆ ಹೋದ. ಒಂದು ಕಡೆ ಗಟ್ಟಿ ಸದ್ದು ಬಂತು, ತಲೆಯಾಡಿಸಿದೆ. ಅವನಿಗೆ ಆಸೆ ಹುಟ್ಟಿ ಅದರಾಚೆಯದನ್ನು ತಟ್ಟಿದ. ಸುಮ್ಮನಿದ್ದೆ. ಹಾಗೇ ಮಂಡಿಯಲ್ಲಿ ತೆವಳುತ್ತಾ ಅರ್ಧ ಹಾಲ್ ತಟ್ಟಿದ. ಸುಳ್ಳು ತಲೆಯಾಡಿಸಿದ್ದರೆ ಅವನು ಸ್ವಲ್ಪ ಹೊತ್ತು ಉಸಿರಾಡುತ್ತಿದ್ದನೇನೋ. ಕೊನೆಗೆ ಒಂದಕ್ಕೆ ಜೋರಾಗಿ ಹೊಡೆದ. ಅದು ಸೀಳಿಕೊಂಡಿತು.

ಆಗಲೇ ಕಂಡದ್ದು, ಮೇಸ್ತ್ರಿ ಬೀದಿ ಬಾಗಿಲಲ್ಲಿ ನಿಂತಿದ್ದಾನೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಮಗನನ್ನು ಏನೂ ಕೇಳಲಿಲ್ಲ, ನನ್ನನ್ನು ಕೇಳಿದ.

"ಕೇಳ್ಸಕಿಲ್ವಾ ಅವನ್ಗೆ?"

"ಇಲ್ಲ ಕಣಪ್ಪ. ಓಗ್ಬುಟ್ಟದೆ."

ಅಳಬೇಕು ಅನ್ನಿಸಲಿಲ್ಲ. ಹಾಲ್ ಪೂರ್ತಿ ಕೀಳಿಸಿ ಬೇರೆಯವನ ಕೈಲಿ ಹಾಕಿಸುತ್ತೇನೆ ಎಂದ ಮೇಸ್ತ್ರಿ. ಅವನೇನೂ ಕೆಟ್ಟವನಲ್ಲ. ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಇನ್ನು ಮೇಲೆ ಮಗನ ಪಕ್ಕ ಬಿಟ್ಟು ಏಳುವುದಿಲ್ಲ, ಕೂಲಿಗೆ ಬೇರೆಲ್ಲೂ ಹೋಗುವುದಿಲ್ಲ, ನಾನು ಕೂತಿದ್ದಾಗ ಒಂದೇ ಒಂದು ಟೈಲ್ಸ್ ಕೆಟ್ಟಿದ್ದರೆ ತೋರಿಸು ಎಂದೆ. ಅವನು ಎಲ್ಲ ಕೇಳಿಸಿಕೊಂಡ.

"ನೀನಿನ್ ಎಸ್ಟ್ ದಿನ ಕೂತೀಯೆ ಯೇಳವ್ವ?"

ಅವನು ಒಡೆದ ಟೈಲ್ಸನ್ನು ಕಾಲಲ್ಲಿ ಒತ್ತುತ್ತಾ ಹೇಳಿದ.

"ಕಟಿಂಗ್ ಮಿಸನ್‌ಗೆ ಕೂತ್ಕಳ್ಲಿ. ಇನ್ನು ಓಗಕೆ ಅವನ್ ಕಿವೀಲಿ ಯಾನದೆ?"

ಬೇರೆ ಹುಡುಗರು ಆ ಮಿಷನ್ ಹಿಡಿಯುವುದಕ್ಕೆ ಹಿಂದೆಮುಂದೆ ನೋಡುತ್ತಾರೆ. ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪೇನೂ ಇರಲಿಲ್ಲ. ಮಗ ನನ್ನನ್ನೇ ನೋಡುತ್ತಿದ್ದ, ಮೇಸ್ತ್ರಿ ಏನು ಹೇಳಿದ ಎಂದು ನಾನು ತಿಳಿಸಬೇಕು. ನೆಲದ ಮೇಲೆ ಬೆರಳಲ್ಲಿ ಉದ್ದಕ್ಕೆ ಗೀಟು ಎಳೆದು, ಅದರ ಮೇಲೆ ಕೈ ಗರಗರ ತಿರುಗಿಸಿ, ಹಿತ್ತಲ ಕಡೆ ತೋರಿಸಿದೆ.

"ಟೈಲ್ಸ್ ಆಕೋ ಕೆಲ್ಸ ಬ್ಯಾಡ್ವಂತಾ?"

ಬೇಡವಂತೆ ಎಂದು ಕೈಯಾಡಿಸಿದೆ. ಅವನು ಸುತ್ತಿಗೆಗೆ ಅಂಟಿದ್ದ ಕಲಸನ್ನು ಉಗುರಲ್ಲಿ ಕೆರೆದು, ಒರೆಸಿ, ಮೇಸ್ತ್ರಿಯ ಕೈಗೆ ಕೊಟ್ಟ. ಅಮ್ಮಾವ್ರು ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ನಾನು ತಲೆಯಾಡಿಸದೆ ಬಾಯಿ ತೆಗೆದು ಹೇಳಿದ್ದರೆ ಆಗುತ್ತಿತ್ತೇನಮ್ಮ ಎಂದು ಮತ್ತೆ ಮತ್ತೆ ಕೇಳಿದರು. ನಿಮ್ಮ ತಪ್ಪಲ್ಲ ಎನ್ನದೆ ನಾನು ಸೀಳಿದ ಟೈಲ್ಸಿನ ಚೂರು ಆರಿಸಿದೆ.

ಹಾಲ್ ಕಿತ್ತರು. ಬೇಗೂರಿನ ಕಡೆಯಿಂದ ಬಂದ ಇನ್ನೊಬ್ಬ ಟೈಲ್ಸ್ ಹಾಕಿದ. ತಟ್ಟುತ್ತಾನೆ, ತಾನೇ ಕೇಳಿಸಿಕೊಳ್ಳುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಅವನ ಪಕ್ಕ ಯಾರೂ ಕೂರಬೇಕಾಗಿಲ್ಲ. ಗೋಡೆಯಂಚಿಗೆ ಬೇಕಾದ ತುಂಡುಗಳಿಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಕೊಡುತ್ತಾನೆ, ನಾನು ಹಿತ್ತಲಿಗೆ ಹೊತ್ತು ಒಯ್ಯುತ್ತೇನೆ.

ಈಗ ಎಲ್ಲ ಕೆಲಸದಲ್ಲೂ ಹಾಗೆಯೇ. ಮಗ ಮೂಗಿಗೆ ಟವೆಲ್ ಬಿಗಿದು ಧೂಳಿನ ನಡುವೆ ಕೂತಿರುತ್ತಾನೆ. ಟೈಲ್ಸ್ ಪಕ್ಕದಲ್ಲಿಟ್ಟರೆ ಗೀಟು ನೋಡಿ ಕೊಯ್ಯುತ್ತಾನೆ, ನನ್ನ ಕಡೆ ನೋಡುವುದಿಲ್ಲ. ಊಟದ ಹೊತ್ತಿಗೆ ಆ ಮಿಷನ್ ಸದ್ದಿನಲ್ಲಿ ಹಿಂದೆ ನಿಂತು ಎಷ್ಟು ಕೂಗಿದರೂ ತಿಳಿಯದು, ಮೈ ಮುಟ್ಟಿದರೆ ಬೆಚ್ಚಿ ಕೈ ಜಾರುತ್ತದೆ. ಅದಕ್ಕೆ ನಾನು ಒಳಗೆ ಹೋಗಿ ಮಿಷನ್ನಿನ ಸ್ವಿಚ್ ಆರಿಸುತ್ತೇನೆ.