ಮುಪ್ಪಿಗೆ ಹೆದರಿ ನುಂಗಿದ ಮಾತ್ರೆ

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆದು ತಿರುಗಿದರೆ ‘ಮೈಟೋಕಾಂಡ್ರಿಯ’ ಅನ್ನುವ ಪದವೇ ಬಾಯಿಗೆ ಬರಲಿಲ್ಲ. ಜಾವಗಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಹೇಳಿದ ಪದ. ಕೊನೆಗೆ ಪುಸ್ತಕ ತೆರೆದು ನೋಡಿಕೊಳ್ಳಬೇಕಾಯಿತು. ಕೊನೆಗಾಲದಲ್ಲಿ ನಮ್ಮಮ್ಮ ನನ್ನನ್ನೇ ‘ಯಾರವ್ವ ನೀನು?’ ಅಂತ ಕೇಳಿದ್ದಳು.

ಆಮೇಲೆ ಫೋನಿನಲ್ಲಿ ಓದಿದ್ದೇ ಓದಿದ್ದು. ನಿದ್ದೆಗೆಂದು ಕೊಡುವ ಮೆಲಟೋನಿನ್ ಮಾತ್ರೆ ಮಿದುಳಿನ ಮುಪ್ಪನ್ನು ನಿಧಾನ ಮಾಡಬಹುದು ಅಂತ ಎಲ್ಲೋ ಕಂಡಿತು. ಹಾಸನಕ್ಕೆ ಹೋದಾಗ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ತಂದೆ. ಮನೆಯವರಿಗೆ ಹೇಳಲಿಲ್ಲ. ಬೇಗ ಗುಣ ಕಾಣಲಿ ಅಂತ ದಿನಾ ರಾತ್ರಿ ಒಂದರ ಬದಲು ಎರಡು ನುಂಗಿದೆ. ಬೆಳಿಗ್ಗೆ ಎದ್ದರೆ ತಲೆಯೆಲ್ಲ ಮಂಕು. ಒಂದು ದಿನ ಶಾಲೆಗೆಂದು ಹಳೇಬೀಡಿನಲ್ಲಿ ಬಸ್ಸು ಹತ್ತಿದವಳು ಅರಸೀಕೆರೆ ಸ್ಟ್ಯಾಂಡಿನಲ್ಲಿ ಕಣ್ಣು ಬಿಟ್ಟೆ.

“ಜಾವಗಲ್ ಅಂತ ಎರಡು ಸಲ ಕೂಗ್ದೆ ಕಣ್ರೀ ಮೇಡಂ, ನೀವು ಏಳ್ಲೇ ಇಲ್ಲ,” ಅಂದ ಕಂಡಕ್ಟರ್.

ಆ ಭಾನುವಾರ ತಡೆಯಲಾಗದೆ ಬೇಲೂರಿಗೆ ಹೋದೆ. ಮೈಸೂರಿನ ಲ್ಯಾಬೊಂದರಲ್ಲಿ ಮೆಲಟೋನಿನ್ ಮೇಲೇ ಕೆಲಸ ಮಾಡುವ ನನ್ನ ಹಳೇ ವಿದ್ಯಾರ್ಥಿನಿ ತವರಿಗೆ ಬಂದಿದ್ದಳು. ಅವರೆಕಾಯಿ ಸುಲಿಯುತ್ತಾ ಹೇಳಿದಳು:

“ಕತ್ತಲಾದ್ರೆ ಮಿದುಳು ತಾನೇ ಮೆಲಟೋನಿನ್ ಮಾಡತ್ತೆ ಮಿಸ್, ವಯಸ್ಸಾದಂಗೆ ಕಮ್ಮಿ. ನಾವು ಅದರ ಜೊತೆ ಮೈಕ್ರೋ ಆರ್‌ಎನ್‌ಎನೂ ನೋಡ್ತೀವಿ. ಮೈಕ್ರೋ ಆರ್‌ಎನ್‌ಎ ಅಂದ್ರೆ ಜೀವಕೋಶದೊಳಗಿನ ಸಣ್ಣ ಚೂರುಗಳು. ಜೀನು ಕಳಿಸೋ ಸಂದೇಶನ ತಡೀತವೆ. ಮಿದುಳಿಗೆ ವಯಸ್ಸಾಗ್ತಾ ಅವುಗಳಲ್ಲಿ ಕೆಲವು ಏರುಪೇರಾಗ್ತವೆ. ಮೆಲಟೋನಿನ್ ಅದನ್ನ ಹತೋಟಿಗೆ ತರಬಹುದೇನೋ ಅಂತ ನೋಡ್ತಿದೀವಿ.”

“ಹಂಗಾದ್ರೆ ಮಾತ್ರೆ ತಗೋಬಹುದಲ್ಲ?”

“ನಾವು ನೋಡ್ತಿರೋದು ಇಲಿಗಳಲ್ಲಿ. ಇಲಿಗಾದದ್ದು ಮನುಷ್ಯರಿಗೂ ಆಗತ್ತೆ ಅಂತ ಬರೆದಿದ್ದಕ್ಕೆ ನಂಗೆ ಸೊನ್ನೆ ಕೊಟ್ಟೋರು ನೀವೇ ಅಲ್ವಾ?”

ನಗುವೂ ಬಂತು, ಅಳುವೂ ಬಂತು. ಡಬ್ಬಿಯ ವಿಷಯ ಬಾಯಿಬಿಟ್ಟೆ. ಸುಲಿಯುತ್ತಿದ್ದ ಅವಳ ಕೈ ನಿಂತಿತು. “ಮೊದ್ಲು ಡಾಕ್ಟ್ರಿಗೆ ತೋರ್ಸಿ ಮಿಸ್.”

ಡಾಕ್ಟರು ಏನೇನೋ ಪ್ರಶ್ನೆ ಕೇಳಿದರು, ನೆನಪಿನ ಪರೀಕ್ಷೆಗೆಂದು ಗಡಿಯಾರದ ಚಿತ್ರ ಬರೆಸಿದರು. ನೆನಪು ವಯಸ್ಸಿಗೆ ತಕ್ಕಂತಿದೆ, ಮಂಕು ಮಾತ್ರೆಯದ್ದು, ನಿಲ್ಲಿಸಿ ಅಂದರು. ವಾರದೊಳಗೆ ಮಂಕು ಹೋಯಿತು. ಹೆದರಿಕೆ ಹೋಗಲಿಲ್ಲ. ಪಾಠಕ್ಕೆ ಮುಂಚೆ ಸ್ಟಾಫ್ ರೂಮಿನಲ್ಲಿ ಪದಗಳನ್ನು ಒಂದೊಂದೇ ಹೇಳಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ಒಂದು ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಪೇಪರ್ ಕೆಳಗಿಟ್ಟರು.

“ನಂಗೂ ಹೆಸರುಗಳು ಮರೀತವೆ ಕಣೇ. ನೀನು ಗಾಬರಿಯಾಗ್ತೀಯ ಅಂತ ಹೇಳಿರ್ಲಿಲ್ಲ.”

ಇಬ್ಬರಿಗೂ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಕಡೆ ನಡೆದೆವು.