ಚೇಟನ ಗೇರ್ ಸೈಕಲ್ಲು

ಹರಳೆಣ್ಣೆ ಬಿಸಿಯಾಗುವಾಗ ಬರುವ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಈ ಸಲ ಆಯುಧಪೂಜೆಯ ಹಿಂದಿನ ದಿನ, ಚಾಮರಾಜನಗರದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಮೊಣಕಾಲು ನೋವಿಗೆಂದು ಒಂದು ಸೌಟು ಎಣ್ಣೆ ಬಿಸಿಗಿಟ್ಟಿದ್ದಳು. ಪೇಪರ್ ಓದುತ್ತಿದ್ದ ನಾನು ಎದ್ದು ಹೋಗಿ ಗೇಟಿನ ಹತ್ತಿರ ನಿಂತುಬಿಟ್ಟೆ. ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎಂದೆ. ಸುಮಾರು ಮೂವತ್ತು ವರ್ಷದಿಂದ ಈ ವಿಷಯಕ್ಕೆ ನಾನು ಹೇಳಿಕೊಂಡು ಬಂದಿರುವ ಉತ್ತರ ಅದೊಂದೇ.

ಆಗ ನಾವು ಗುಂಡ್ಲುಪೇಟೆಯ ಅಂಚಿನಲ್ಲಿದ್ದೆವು. ಊರು ಮುಗಿದು ಹೊಲ ಶುರುವಾಗುವ ಕಡೆ ನಮ್ಮ ಮನೆ. ಪಕ್ಕದ ಮನೆಯಲ್ಲಿ ಬೇಕರಿಯ ಚೇಟ ಬಾಡಿಗೆಗಿದ್ದ. ಮಲಯಾಳದ ಕಡೆಯಿಂದ ಬಂದವರನ್ನೆಲ್ಲ ನಮ್ಮೂರಿನಲ್ಲಿ ಚೇಟ ಎಂದೇ ಕರೆಯುವುದು. ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಇವನ ಬೇಕರಿ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಅವನೂ ಅವನ ಅಣ್ಣನೂ ಸೇರಿ ನಡೆಸುತ್ತಿದ್ದರು. ಚೇಟನಿಗೆ ಮೂವತ್ತೈದರ ಹತ್ತಿರ ವಯಸ್ಸು, ಹೆಂಡತಿ ಮಕ್ಕಳು ಊರಿನಲ್ಲಿ. ನನಗೆ ಇಪ್ಪತ್ತೆರಡು. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿದ್ದೆ. ನಮ್ಮ ಬೀದಿಗೆ ನಾನೊಬ್ಬನೇ ಪದವೀಧರ. ಹಾವು ಯಾಕೆ ಪೊರೆ ಬಿಡುತ್ತದೆ ಎನ್ನುವುದರಿಂದ ಹಿಡಿದು ಫ್ಯೂಸ್ ಯಾಕೆ ಹೋಗುತ್ತದೆ ಎನ್ನುವವರೆಗೆ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಗೊತ್ತಿರಲಿ ಬಿಡಲಿ, ನಾನು ಉತ್ತರ ಕೊಡುತ್ತಿದ್ದೆ. ಆ ಜಂಬ ಎಷ್ಟು ದುಬಾರಿಯದು ಎಂದು ಆಗ ಗೊತ್ತಿರಲಿಲ್ಲ.

ಒಂದು ಸಲ ಊರಿಗೆ ಹೋದ ಚೇಟ ಬರುವಾಗ ಬಸ್ಸಿನ ಟಾಪಿನ ಮೇಲೆ ಒಂದು ಸೈಕಲ್ಲು ಹಾಕಿಕೊಂಡು ಬಂದ. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಹೆಬ್ಬೆರಳಿನ ಹತ್ತಿರ ಗೇರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲ ಇಲ್ಲದ ಸೈಕಲ್ಲಿಗೆ ಯಾಕೆ ದುಡ್ಡು ಕೊಟ್ಟೆ ಎಂದು ನಮ್ಮಪ್ಪ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಬೆಟ್ಟ ಹತ್ತುವುದಕ್ಕೆ ಎಂದ ಚೇಟ. ಬೆಟ್ಟಕ್ಕೆ ಬಸ್ಸೇ ಹೋಗುತ್ತದಲ್ಲ ಎಂದರು ಅಪ್ಪ.

ಚೇಟನ ಊರು ಸಮುದ್ರದ ಮಗ್ಗುಲಿನಲ್ಲಿತ್ತಂತೆ. ಅರ್ಧ ಉಪ್ಪು ಅರ್ಧ ಸಿಹಿಯ ನೀರು ನಿಂತ ಗದ್ದೆಗಳು, ಸೀಗಡಿ ಸಾಕುವ ಹೊಂಡಗಳು, ಬೇರನ್ನು ನೀರಿನ ಮೇಲೆಯೇ ಬಿಟ್ಟುಕೊಂಡು ನಿಂತ ಕಾಂಡ್ಲಾ ಗಿಡಗಳು. ಗದ್ದೆಯ ನಡುವೆ ಒಂದು ಮೊಳ ಅಗಲದ ಬದು. ಅವನು ಸೈಕಲ್ ಕಲಿತಿದ್ದು ಆ ಬದುವಿನ ಮೇಲೆ. ಸಮುದ್ರ ಉಕ್ಕಿ ಭರತ ಬಂದಾಗ ಬದು ನೀರಿನೊಳಕ್ಕೆ ಹೋಗುತ್ತಿತ್ತು, ಆಗ ಅಂದಾಜಿನ ಮೇಲೆ ತುಳಿಯಬೇಕಿತ್ತಂತೆ. ನಮ್ಮ ಕಡೆಯ ಒಣ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೂ ಅವನ ಹ್ಯಾಂಡಲ್ಲು ಅಲ್ಲಾಡುತ್ತಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಮನೆ ಬಿಟ್ಟವನು ತೆಂಗಿನಕಾಯಿ ಲಾರಿಯಲ್ಲಿ ಮಲಗಿಕೊಂಡು ಗುಂಡ್ಲುಪೇಟೆಗೆ ಬಂದಿದ್ದ. ಹತ್ತಿದ ಘಾಟಿ, ದಾಟಿದ ಕಾಡು ಯಾವುದನ್ನೂ ನೋಡಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಹೋಗಿ ಬಂದಾಗಲೂ ತಲೆ ಸುತ್ತುತ್ತದೆಂದು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ. ಒಂದೇ ಒಂದು ಸಲ ತನ್ನ ಕಾಲಿನ ಬಲದಲ್ಲಿ, ಕಣ್ಣು ಬಿಟ್ಟುಕೊಂಡು, ಇಲ್ಲಿಂದ ಕಾಡು ದಾಟಿ ಘಾಟಿ ಇಳಿದು ಆ ಬದುವಿನವರೆಗೂ ಹೋಗಬೇಕು ಎನ್ನುವುದು ಅವನ ಆಸೆ. ದೀಪಾವಳಿ ಕಳೆದು ಘಾಟಿಯಲ್ಲಿ ಮಳೆ ನಿಂತ ಮೇಲೆ ಹೊರಡುವುದೆಂದು ಗೊತ್ತು ಮಾಡಿದ್ದ. ಹೆಂಡತಿಗೂ ಕಾಗದ ಬರೆದಿದ್ದ. ಇದನ್ನು ಹೇಳುವಾಗ ಚೇಟ ನಾಚುತ್ತಿದ್ದ.

ಆ ವರ್ಷವಿಡೀ ಭಾನುವಾರಗಳು ನನಗೆ ಹಬ್ಬ. ಅವನ ಗೇರ್ ಸೈಕಲ್ಲು, ನನ್ನದು ಅಪ್ಪನ ಹಳೇ ಸೈಕಲ್ಲು. ಹಂಗಳ ದಾಟಿ ಬೆಟ್ಟದ ಬುಡದ ಕೆರೆಗಳ ಕಡೆ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದು ಬಿಟ್ಟುಹೋದ ಕೆಸರು, ಜೊಂಡು, ಬೆಳ್ಳಕ್ಕಿ, ನಮ್ಮನ್ನು ನೋಡಿ ಬೆಪ್ಪಾಗಿ ನಿಂತ ಎಮ್ಮೆಗಳು. ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ ಎಂದು ತೋರಿಸಿಕೊಟ್ಟವನು ಚೇಟ. ಅದಕ್ಕೆ ಕಾರಣವನ್ನು ನಾನು ಒಂದು ಗಂಟೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, ಇಷ್ಟೆಲ್ಲ ಇದೆಯಾ ಇದರಲ್ಲಿ ಎಂದು ಬೆರಗಾದ. ನನ್ನನ್ನು ಅಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ...

ಬೇಕರಿಯಲ್ಲೂ ಬಾಡಿಗೆ ಮನೆಯಲ್ಲೂ ಜಾಗ ಇಲ್ಲದೆ ಸೈಕಲ್ಲು ನಮ್ಮ ಜಗಲಿಯಲ್ಲೇ ನಿಲ್ಲುತ್ತಿತ್ತು. ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಹಿಂದಿನ ದಿನ ನೇಗಿಲ ಗುಳ, ಕುಂಟೆ, ಕುಡುಗೋಲು, ಮಚ್ಚು, ಗುದ್ದಲಿ ಎಲ್ಲವನ್ನೂ ತೊಳೆದು, ಹರಳೆಣ್ಣೆ ಬಿಸಿ ಮಾಡಿ ಬಟ್ಟೆಯಲ್ಲಿ ತಿಕ್ಕಿ ಹಚ್ಚುವ ರೂಢಿ. ಹಚ್ಚಿದ್ದನ್ನು ಒರೆಸುವಂತಿಲ್ಲ. ಹಬ್ಬ ಕಳೆದು ಹೊಲಕ್ಕೆ ಇಳಿದಾಗ ಮಣ್ಣೇ ಅದನ್ನು ಒರೆಸಿಕೊಳ್ಳುತ್ತದೆ. ಚಿಕ್ಕಂದಿನಿಂದಲೂ ಎಣ್ಣೆಯ ಕೆಲಸ ನನ್ನದು. ಚೇಟನ ಸೈಕಲ್ಲನ್ನೂ ಸಾಲಿನಲ್ಲಿ ನಿಲ್ಲಿಸು, ಪಾಪ ದೂರ ಹೋಗುವ ಗಾಡಿ ಎಂದರು ಅವ್ವ.

ನಿಲ್ಲಿಸಿದೆ. ಉಳಿದಿದ್ದ ಎಣ್ಣೆಯನ್ನೆಲ್ಲ ಅದಕ್ಕೇ ಸುರಿದು, ಪ್ರೀತಿಯಿಂದ, ಒಂದು ಕಡ್ಡಿಯನ್ನೂ ಬಿಡದೆ ಹಚ್ಚಿದೆ. ಎರಡು ಚಕ್ರದ ರಿಮ್ಮಿಗೂ ಸುತ್ತಲೂ ಹಚ್ಚಿದೆ. ಬ್ರೇಕಿನ ರಬ್ಬರು ಬಂದು ಹಿಡಿಯುವುದು ಆ ರಿಮ್ಮನ್ನೇ ಎನ್ನುವುದು ಆರು ವರ್ಷದ ಮಗುವಿಗೂ ಕಾಣುತ್ತದೆ. ಘರ್ಷಣೆಯ ಪಾಠಕ್ಕೆ ಹೆಚ್ಚು ಅಂಕ ತೆಗೆದವನಿಗೆ ಕಾಣಲಿಲ್ಲ. ಕಬ್ಬಿಣ ಕಂಡರೆ ಎಣ್ಣೆ ಹಚ್ಚುವ ಕೈ ಅದು, ತನ್ನ ಪಾಡಿಗೆ ತಾನು ಹಚ್ಚಿಕೊಂಡು ಹೋಯಿತು. ಪೂಜೆಯ ದಿನ ಬೂದುಗುಂಬಳ ಒಡೆದಾಗ ಸೈಕಲ್ಲು ಮಿರಮಿರ ಮಿಂಚುತ್ತಿತ್ತು. ಚೇಟ ನೋಡಿ ಬಹಳ ಸಂತೋಷಪಟ್ಟ.

ಮಾರನೆಯ ದಿನ ಬೆಳಗಿನ ಜಾವ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಘಾಟಿ ಇಳಿಯುವುದಕ್ಕೆ ಮೊದಲು ಅಭ್ಯಾಸವಾಗಲಿ ಎಂದು. ರಸ್ತೆ ಖಾಲಿ, ಬ್ರೇಕಿನ ಕೆಲಸವೇ ಬೀಳಲಿಲ್ಲ. ಹಂಗಳದ ಹತ್ತಿರ ದನಗಳು ಅಡ್ಡ ಬಂದಾಗ ಮಾತ್ರ ಚೇಟ ಒಮ್ಮೆ ಹಿಡಿದು ನೋಡಿ, ಮೆತ್ತಗಿದೆ, ಇಬ್ಬನಿ ಕೂತಿರಬೇಕು ಎಂದ. ಹೌದು, ತೇವ ಇದ್ದರೆ ಹಾಗಾಗುತ್ತದೆ ಎಂದು ವಿಜ್ಞಾನ ಹೇಳಿದೆ ನಾನು. ಅವನು ತುಳಿದುಕೊಂಡು ಮೇಲೆ ಹೋದ. ನನ್ನ ಹಳೇ ಸೈಕಲ್ಲು ಹತ್ತುವಂಥದ್ದಲ್ಲ, ಕೆಳಗೆ ಫಾರೆಸ್ಟ್ ಗೇಟಿನ ಹತ್ತಿರ ಕಾಯುತ್ತ ಕೂತೆ.

ಬಹಳ ಹೊತ್ತಾದರೂ ಬರಲಿಲ್ಲ. ಕಡೆಗೆ ದೇವಸ್ಥಾನದ ಕಡೆಯಿಂದ ಇಳಿದು ಬಂದ ಒಂದು ಜೀಪಿನ ಹಿಂಭಾಗದಲ್ಲಿ ಚೇಟ ಮಲಗಿದ್ದ. ಇಳಿಯುವಾಗ ಎರಡನೆಯ ತಿರುವಿನಲ್ಲಿ ನೇರವಾಗಿ ಬಂಡೆಗೆ ಹೋಗಿದ್ದನಂತೆ. ಭುಜದ ಮೂಳೆ ಮುರಿದಿತ್ತು, ಬಲಮೊಣಕಾಲು ನೋಡುವ ಹಾಗಿರಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿ, ಸೈಕಲ್ಲು ಏನಾಯಿತು ಎಂದು ಕೇಳಿದ.

ಸೈಕಲ್ಲನ್ನು ಶಾಪಿಗೆ ತಳ್ಳಿಕೊಂಡು ಹೋದವನು ನಾನೇ. ಶಾಪಿನ ಯಜಮಾನರು ಸೊಟ್ಟಗಾದ ಚಕ್ರವನ್ನು ತಿರುಗಿಸಿ, ರಿಮ್ಮಿನ ಮೇಲೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದರು.

"ರಿಮ್ಮಿಗೆ ಅಳ್ಳೆಣ್ಣೆ ಅಚ್ಚವ್ರಲ್ಲಪ್ಪ. ಇನ್ನ ಬ್ರೇಕ್ ಎಂಗ್ ಇಡಿತದೆ? ಯಾರ್ಲಾ ಅಚ್ಚುದ್ದು?"

ಶಾಪಿನಲ್ಲಿ ಇನ್ನೂ ಇಬ್ಬರು ಮೂವರು ನಿಂತಿದ್ದರು. ಬಿ.ಎಸ್ಸಿ. ಓದಿದವನು ರಿಮ್ಮಿಗೆ ಎಣ್ಣೆ ಹಚ್ಚಿದ ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುತ್ತದೆ ಎನ್ನುವುದೊಂದೇ ನನ್ನ ತಲೆಗೆ ಬಂದದ್ದು. ಯಜಮಾನರನ್ನು ಪಕ್ಕಕ್ಕೆ ಕರೆದು, ಚೇಟ ತಾನೇ ಹಬ್ಬಕ್ಕೆಂದು ಹಚ್ಚಿಕೊಂಡದ್ದು, ಗೊತ್ತಾದರೆ ನೊಂದುಕೊಳ್ಳುತ್ತಾನೆ, ದಯವಿಟ್ಟು ಹೇಳಬೇಡಿ ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಒಳ್ಳೆಯ ಬುದ್ಧಿ ಎಂದರು. ಸೀಮೆಎಣ್ಣೆ ಹಾಕಿ ರಿಮ್ಮನ್ನು ತೊಳೆದು, ಸಾಯುವವರೆಗೂ ಮಾತು ಉಳಿಸಿಕೊಂಡರು. ಅವರ ಒಳ್ಳೆಯತನವನ್ನೂ ನಾನು ಕೆಡಿಸಿದೆ.

ಚೇಟ ಎರಡು ತಿಂಗಳು ಮಂಚದ ಮೇಲಿದ್ದ. ದೀಪಾವಳಿ ಬಂದು ಹೋಯಿತು. ಹೇಳಬೇಕೆಂದು ದಿನವೂ ಹೋಗುತ್ತಿದ್ದೆ, ದಿನವೂ ಬೇರೇನೋ ಮಾತಾಡಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಅವನೇ ಕೇಳಿದ.

"ನೀನು ಓದ್ದೋನು, ಸರಿಯಾಗಿ ಯೋಳು. ನಾನು ಬ್ರೇಕ್ ಇಡ್ದಿದ್ದೆ ಅಂತ್ಲೇ ನಂಗೆ ನೆಪ್ಪು. ಎರಡೂ ಕೈಲಿ ಇಡ್ದಿದ್ದೆ. ಇಡ್ದಿರ್ನಿಲ್ವಾ?"

ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೈಯುತ್ತಿದ್ದನೇನೋ, ಹೊಡೆಯುತ್ತಿದ್ದನೇನೋ, ಬಹುಶಃ ನಕ್ಕೇಬಿಡುತ್ತಿದ್ದ.

"ಗಾಬ್ರೀಲಿ ಅಂಗ್ ಅನ್ನುಸ್ತದೆ ಚೇಟ," ಎಂದೆ.

ಅವನು ನಂಬಿದ. ನಾನು ಹೇಳಿದ್ದನ್ನು ಅವನು ಯಾವಾಗಲೂ ನಂಬುತ್ತಿದ್ದ. ಗೋಡೆಯ ಕಡೆ ತಿರುಗಿ, ಹಾಗಾದರೆ ಧೈರ್ಯ ಸಾಲದೇ ಹೋಯಿತು ಎಂದು ಮೆಲ್ಲಗೆ ಹೇಳಿಕೊಂಡ. ಎಣ್ಣೆ ಹಚ್ಚಿದ್ದು ಅರಿಯದೆ ಆದದ್ದು, ಅದನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಆ ಮಧ್ಯಾಹ್ನದ ಮಾತನ್ನು ಹೇಗೆ ಕ್ಷಮಿಸಿಕೊಳ್ಳುವುದೋ ಇವತ್ತಿಗೂ ತಿಳಿದಿಲ್ಲ.

ಕಾಲು ಕೂಡಿಕೊಂಡ ಮೇಲೂ ಅವನು ಸೈಕಲ್ ಹತ್ತಲಿಲ್ಲ. ರಿಪೇರಿಯಾಗಿ ಬಂದದ್ದನ್ನು ಮುಟ್ಟಿಯೂ ನೋಡದೆ ಸಂತೆಮರಹಳ್ಳಿಯ ಯಾರಿಗೋ ಕೊಟ್ಟುಬಿಟ್ಟ. ಬೇಕರಿಗೆ ಬಂದವರು ಬೆಟ್ಟ ಹತ್ತಿದ್ದು ಸರಿ, ಇಳಿಯೋದು ಯಾವಾಗ ಎಂದು ರೇಗಿಸಿದರೆ ತಾನೂ ಅವರ ಜೊತೆ ನಗುತ್ತಿದ್ದ. ಮೂರು ವರ್ಷದ ನಂತರ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಊರಿಗೆ ಹೊರಟುಹೋದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದರೂ ಒಳಗಿನ ಸೀಟಿಗೆ ಸರಿದು ಕೂತ. ನನಗೆ ಅಷ್ಟರಲ್ಲಿ ಚಾಮರಾಜನಗರದಲ್ಲಿ ಕೆಲಸವಾಗಿತ್ತು... ವಿಜ್ಞಾನದ ಮೇಷ್ಟ್ರ ಕೆಲಸ.

ಮೊನ್ನೆ ಆ ವಾಸನೆ ಬಂದ ಮೇಲೆ ಎರಡು ದಿನ ನಿದ್ದೆ ಹತ್ತಲಿಲ್ಲ. ಹಬ್ಬ ಕಳೆದ ಮೇಲೆ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಬೇಕರಿ ಅಲ್ಲೇ ಇದೆ. ಒಳಗೆ ಗೋಡೆಯ ಮೇಲೆ ಚೇಟನ ಫೋಟೊ ಇತ್ತು, ಅದಕ್ಕೆ ಹಾರ ಹಾಕಿತ್ತು. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅವನ ಮಗಳಂತೆ. ದೊಡ್ಡಪ್ಪನಿಗೆ ಕೈಲಾಗದೆ ಅಂಗಡಿ ನೋಡಿಕೊಳ್ಳಲು ಬಂದು ಏಳೆಂಟು ವರ್ಷವಾಯಿತಂತೆ, ನಮ್ಮೂರ ಮಾತನ್ನೇ ಆಡುತ್ತಿದ್ದಳು. ಅಪ್ಪ ಹೋಗಿ ಮೂರು ವರ್ಷವಾಯಿತು ಎಂದಳು. ನಾನು ಅವರ ಜೊತೆ ಸೈಕಲ್ ಹೊಡೆಯುತ್ತಿದ್ದವನು ಎಂದಾಗ ಆಶ್ಚರ್ಯಪಟ್ಟು ಮುಖ ನೋಡಿದಳು.

"ಅಪ್ಪ ಸೈಕಲ್ ಒಡೀತಿದ್ರಾ? ನಮ್ಮನ್ನ ಅತ್ತಕ್ಕೇ ಬುಡ್ತಿರ್ನಿಲ್ಲ ಸಾರ್. ನಂಗೆ ಧೈರ್ಯ ಇಲ್ಲ, ನಿಮ್ದೂ ಅದೇ ರಕ್ತ ಅನ್ನೋರು."

ಅವಳಿಗೆ ಎಲ್ಲವನ್ನೂ ಹೇಳಿದೆ. ಗಿರಾಕಿಗಳು ಬಂದು ಹೋಗುತ್ತಿದ್ದರು, ನಡುನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಅವನು ಬ್ರೇಕು ಹಿಡಿದೇ ಇದ್ದ, ಎರಡೂ ಕೈಯಲ್ಲಿ ಹಿಡಿದಿದ್ದ ಎಂದು ಎರಡು ಸಲ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಂದ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟು ಆಮೇಲೆ ಕೇಳಿದಳು.

"ಅಪ್ಪ ಮೂರೊರ್ಸದ್ ಇಂದೆ ಗಂಟ ಬದ್ಕಿದ್ರಲ್ಲ ಸಾರ್. ಒಂದ್ ಕಾಗ್ದ ಬರೀಬೋದಿತ್ತಲ್ಲ?"

ವಿಳಾಸ ಗೊತ್ತಿರಲಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಇದೇ ಅಂಗಡಿಯಲ್ಲಿ ಕೇಳಿದ್ದರೆ ಅವನ ಅಣ್ಣ ಬರೆದುಕೊಡುತ್ತಿದ್ದ.

"ಬರೀಬೋದಿತ್ತು ಕಣವ್ವ," ಎಂದೆ. "ಬರೀನಿಲ್ಲ."